ನೊರೆ ಮಾವ

ಸೊಸೆಗೆ ಬಾತ್ ಬಾಂಬ್ ಮಾಡುವ ಹುಚ್ಚು ಹತ್ತಿದ್ದು ಮನೆಯಲ್ಲಿದ್ದ ಹಳೆಯ ಬಾತ್‌ಟಬ್ಬಿನಿಂದ. ಅಂಚಿನ ಬಿಳಿ ಬಣ್ಣ ಚಕ್ಕೆ ಎದ್ದುಹೋಗಿದ್ದ ಆ ಟಬ್ಬನ್ನು ಮೊದಲಿದ್ದ ಬಾಡಿಗೆದಾರರು ಯಾವ ಕಾಲದಲ್ಲೋ ಕೂರಿಸಿ ಹೋಗಿದ್ದರು. ಅದರಲ್ಲಿ ಸ್ನಾನ ಮಾಡುವ ಅಭ್ಯಾಸ ಮನೆಯಲ್ಲಿ ಯಾರಿಗೂ ಇರಲಿಲ್ಲ. ಚಾದರ, ಪರದೆ ನೆನೆಹಾಕಲು ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಒಂದು ಭಾನುವಾರ ಅವಳು ಅದನ್ನು ಉಜ್ಜಿ ತೊಳೆದು, ಬಿಸಿನೀರು ತುಂಬಿ, ಯಾರೋ ಉಡುಗೊರೆ ಕೊಟ್ಟಿದ್ದ, ಬಾತ್ ಬಾಂಬ್ ಎನ್ನುವ ನೇರಳೆ ಬಣ್ಣದ ಉಂಡೆಯೊಂದನ್ನು ಅದರೊಳಗೆ ಬಿಟ್ಟಳು. ಉಂಡೆ ಬುಸ್ಸೆಂದು ಗಿರಗಿರ ತಿರುಗಿ, ನೊರೆಯುಕ್ಕಿಸಿ, ನೀರಿಗೆಲ್ಲ ಬಣ್ಣ ಬಿಟ್ಟು ಕರಗಿಹೋಯಿತು. ನೀರು ಆರುವವರೆಗೂ ಅವಳು ಏಳಲಿಲ್ಲ. ಎದ್ದವಳು, ಇದನ್ನು ಮನೆಯಲ್ಲೇ ಮಾಡಬೇಕು ಎಂದು ತೀರ್ಮಾನಿಸಿಯೇ ಎದ್ದಳು.

ಅಡುಗೆ ಸೋಡ, ಸಿಟ್ರಿಕ್ ಆಸಿಡ್ ಪುಡಿ, ಕಾರ್ನ್‌ಫ್ಲೋರ್, ನಾಲ್ಕು ಹನಿ ಎಣ್ಣೆ, ಬಣ್ಣ, ಸುಗಂಧ. ಕೇಳುವುದಕ್ಕೆ ಸುಲಭ, ಮಾಡಲು ಹೋದರೆ ಪ್ರಾಣ ಹಿಂಡುವ ಕೆಲಸ. ನೀರು ಒಂದು ಹನಿ ಹೆಚ್ಚಾದರೆ ಬಟ್ಟಲಿನಲ್ಲೇ ಉಕ್ಕಿಬಿಡುತ್ತಿತ್ತು. ಕಡಿಮೆಯಾದರೆ ಅಚ್ಚಿನಿಂದ ತೆಗೆಯುವಾಗ ಪುಡಿಪುಡಿ. ಮುಷ್ಟಿಯಲ್ಲಿ ಹಿಡಿದರೆ ಒದ್ದೆ ಮರಳಿನ ಹಾಗೆ ನಿಲ್ಲಬೇಕು ಎಂಬ ಹದ ಕೈಗೆ ಬರುವಷ್ಟರಲ್ಲಿ ಮನೆಯಲ್ಲಿದ್ದ ಸೋಡವೆಲ್ಲ ಖಾಲಿಯಾಗಿತ್ತು. ಗಂಡ ಲಿಫ್ಟ್ ರಿಪೇರಿ ಮಾಡುವವನು, ಸಂಜೆ ಮನೆಗೆ ಬಂದು ಮೂಗು ಅರಳಿಸಿ "ಇವತ್ತು ಊಟ ಯಾವ ಸೋಪಿಂದು?" ಎಂದು ರೇಗಿಸುತ್ತಿದ್ದ.

ಮಾವ ಮಾತ್ರ ರೇಗಿಸುತ್ತಿರಲಿಲ್ಲ. ಅವರು ರೈಲು ನಿಲ್ದಾಣದಲ್ಲಿ ಗಾಡಿಗಳು ಬಂದುಹೋಗುವುದನ್ನು ಮೈಕಿನಲ್ಲಿ ಹೇಳುತ್ತಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಒಂದೊಂದು ಅಕ್ಷರವನ್ನೂ ತೊಳೆದಿಟ್ಟ ಹಾಗೆ ಆಡುವ ಮಾತು ಹಾಗೇ ಇತ್ತು. ಅತ್ತೆ ತೀರಿಕೊಂಡ ಮೇಲೆ ಸೊಸೆ ಅಡುಗೆ ಮಾಡುವಾಗ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಅದೂ ಇದೂ ಮಾತಾಡುವುದು ಅವರ ದಿನಚರಿ. ಸಕ್ಕರೆ ಕಾಯಿಲೆ ಇತ್ತು. ಬೇರೆ ಊರಿನಲ್ಲಿ ನರ್ಸ್ ಆಗಿದ್ದ ಮಗಳು ದಿನಾ ಫೋನ್ ಮಾಡಿ, ಅಪ್ಪ ಏನು ತಿಂದರು ಎಂದು ಪೊಲೀಸರ ಹಾಗೆ ವಿಚಾರಿಸುತ್ತಿದ್ದಳು. ಕಣ್ಣೂ ಮಂದವಾಗಿತ್ತು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿಕೊಂಡಿದ್ದರು. ಸೊಸೆ ಕೆಲಸ ಮಾಡುತ್ತಿದ್ದದ್ದೇ ಕನ್ನಡಕದ ಅಂಗಡಿಯಲ್ಲಿ. "ಮುಂದಿನ ವಾರ ಕರ್ಕೊಂಡು ಹೋಗ್ತೀನಿ ಮಾವ" ಎಂದು ಅವಳು ಹೇಳುತ್ತಲೇ ಇದ್ದಳು. ಆ ಮುಂದಿನ ವಾರ ಮುಂದಕ್ಕೇ ಹೋಗುತ್ತಿತ್ತು.

ಆ ದಿನ ಅವಳು ವೆನಿಲಾ ಸುಗಂಧ ಹಾಕಿ ತಿಳಿ ಹಳದಿ ಉಂಡೆಗಳನ್ನು ಮಾಡಿದ್ದಳು. ತೇವ ತಾಗದ ಹಾಗೆ ಒಣಗಲಿ ಎಂದು ಖಾಲಿ ಮಿಠಾಯಿ ಡಬ್ಬಿಯೊಂದರಲ್ಲಿ ಜೋಡಿಸಿ ಅಡುಗೆಮನೆಯ ಮೇಲಿನ ಕಪಾಟಿನಲ್ಲಿಟ್ಟಳು. ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದಾಗ ಅಡುಗೆಮನೆಯಿಂದ ಏನೋ ಬಿದ್ದ ಸದ್ದಾಯಿತು. ಓಡಿಹೋದರೆ ಮಾವ ಸಿಂಕಿನ ಮೇಲೆ ಬಾಗಿ ನಿಂತಿದ್ದಾರೆ, ಬಾಯಿತುಂಬ ನೊರೆ! ಗಲ್ಲದಿಂದ ಇಳಿದು ಅಂಗಿಯ ಮೇಲೆಲ್ಲ ಹಳದಿ ಹರಿದಿದೆ. ಅವಳ ಜೀವವೇ ಹಾರಿಹೋಯಿತು. ಫಿಟ್ಸ್ ಬಂದಿದೆ ಎಂದುಕೊಂಡು ಬೆನ್ನು ಹಿಡಿದುಕೊಂಡಳು. ಆಮೇಲೆ ನೆಲದ ಮೇಲೆ ಬಿದ್ದಿದ್ದ, ಹಲ್ಲಿನ ಗುರುತು ಮೂಡಿದ್ದ ಅರ್ಧ ಉಂಡೆ ಕಣ್ಣಿಗೆ ಬಿತ್ತು.

ಬಾಯಿ ಮುಕ್ಕಳಿಸಿ ಮುಕ್ಕಳಿಸಿ ಉಗುಳಿಸಿದಳು. ಔಷಧಿ ಅಂಗಡಿಯವನಿಗೆ ಫೋನ್ ಮಾಡಿದಳು. ನುಂಗಿಲ್ಲ ತಾನೇ, ನೀರು ಕುಡಿಸಿ, ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದ ಅವನು. ಹೆದರಿಕೆ ಇಳಿಯುತ್ತಿದ್ದ ಹಾಗೆ ಅವಳಿಗೆ ಒಳಗಿಂದ ನಗು ಒತ್ತರಿಸಿಕೊಂಡು ಬಂತು. ತುಟಿ ಕಚ್ಚಿ ತಡೆದುಕೊಂಡಳು. ಸ್ಟೂಲಿನ ಮೇಲೆ ಕೂತಿದ್ದ ಮಾವ ಒಮ್ಮೆ ಅವಳ ಮುಖ ನೋಡಿ, ಮತ್ತೆ ನೆಲ ನೋಡಿದರು.

"ಸಿಹಿ ಅಂದ್ಕೊಂಡೆ ಕಣಮ್ಮ" ಎಂದರು. "ನಿಮ್ಮಂಗಡಿಯವರು ಕೊಟ್ಟಿರೋದು, ಒಂದು ತಗೊಂಡ್ರೆ ಗೊತ್ತಾಗಲ್ಲ ಅಂತ. ಈ ವಯಸ್ಸಲ್ಲಿ ಸ್ಟೂಲ್ ಹತ್ತಿ ಕದ್ದು ತಿನ್ನೋಕೆ ಹೋದೆ."

"ಅಯ್ಯೋ, ಬಿಡಿ ಮಾವ. ಮಿಠಾಯಿ ಡಬ್ಬೀಲಿ ಇಟ್ಟಿದ್ದು ನಂದೇ ತಪ್ಪು."

"ಮಗನಿಗೆ ಹೇಳ್ಬೇಡ. ಮಗಳಿಗಂತೂ ಬೇಡವೇ ಬೇಡ. ಯಾರಿಗೂ ಹೇಳ್ಬೇಡ ಕಣಮ್ಮ."

ಅವರು ಅಷ್ಟು ಅಂಗಲಾಚಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ಸತ್ತರೂ ಈ ಬಾಯಿಂದ ಹೊರಗೆ ಬರಲ್ಲ" ಎಂದು ಅವರ ಕೈ ಮುಟ್ಟಿ ಹೇಳಿದಳು. ಆ ಹೊತ್ತಿಗೆ ಅದು ಸುಳ್ಳಾಗಿರಲಿಲ್ಲ. ಗಂಡ ಬರುವಷ್ಟರಲ್ಲಿ ಅಂಗಿಯ ಕಲೆಯನ್ನು ಉಜ್ಜಿ ತೆಗೆದು ಒಣಗಿಸಿಯೂ ಇಟ್ಟಳು.

ಕನ್ನಡಕದ ಅಂಗಡಿಯಲ್ಲಿ ಇದ್ದದ್ದು ಮೂರೇ ಜನ. ಕಣ್ಣು ಪರೀಕ್ಷೆ ಮಾಡುವ ಡಾಕ್ಟರಮ್ಮ ಅಂಗಡಿಯ ಒಡತಿ. ಗಾಜು ಕೂರಿಸಿ ಕಡ್ಡಿ ಬಿಗಿ ಮಾಡುವವನನ್ನು ಎಲ್ಲರೂ ಸ್ಕ್ರೂ ಅಣ್ಣ ಎನ್ನುತ್ತಿದ್ದರು. ಮೂರನೆಯವಳು ಸೊಸೆ, ಫ್ರೇಮು ತೋರಿಸುವುದು ಅವಳ ಕೆಲಸ. ಉಳಿದಿಬ್ಬರೂ ಬಾಯಿಬಡುಕರು. ಅವರ ಹರಟೆಯ ನಡುವೆ ಇವಳ ಮಾತಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಅವಳು ಅರ್ಧ ವಾಕ್ಯ ಆಡಿ ನಿಲ್ಲಿಸಿದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗಿರಾಕಿಗಳಿಲ್ಲದ ಒಂದು ಬೆಳಿಗ್ಗೆ ಅವಳು ಇಬ್ಬರಿಗೂ ಒಂದೊಂದು ಉಂಡೆ ತಂದುಕೊಟ್ಟಳು. ಸ್ಕ್ರೂ ಅಣ್ಣ ಮೂಸಿ ನೋಡಿ, "ಆಹಾ, ತಿನ್ನಬಹುದಾ ಇದನ್ನ?" ಎಂದ.

ಅಷ್ಟೇ ಸಾಕಾಯಿತು. ಮೊದಲು ಅವಳು "ನಮಗೆ ಗೊತ್ತಿರೋರೊಬ್ರು ತಿಂದೇಬಿಟ್ರು" ಎಂದಳು. ಇಬ್ಬರೂ ಕೈಲಿದ್ದ ಕೆಲಸ ಬಿಟ್ಟು ಅವಳತ್ತ ತಿರುಗಿದರು. "ಯಾರು, ಯಾರು?" ಎಂದು ಒತ್ತಾಯ ಮಾಡಿದರು. "ನಮ್ಮ ಮಾವ" ಎಂದಳು. ಡಾಕ್ಟರಮ್ಮ ನಗಲು ಶುರುಮಾಡಿದ ಮೇಲೆ ಅವಳ ನಾಲಿಗೆಗೆ ಲಗಾಮೇ ಇಲ್ಲದಂತಾಯಿತು. ಸ್ಟೂಲು ಹತ್ತಿದ್ದು, ಅಂಗಿ ಹಳದಿಯಾದದ್ದು, ಎಲ್ಲವನ್ನೂ ಹೇಳಿದಳು. ನಡೆಯದೇ ಇದ್ದದ್ದನ್ನೂ ಒಂದಿಷ್ಟು ಸೇರಿಸಿದಳು. ಕೆನ್ನೆ ಉಬ್ಬಿಸಿಕೊಂಡು, ಮಾವನ ಗತ್ತಿನ ದನಿಯಲ್ಲಿ, ಬಾಯಿತುಂಬ ನೊರೆ ಇರುವಂತೆ ಗೊಳಗೊಳ ಮಾಡುತ್ತ, "ಪ್ರಯಾಣಿಕರ ಗಮನಕ್ಕೆ..." ಎಂದಳು. ಸ್ಕ್ರೂ ಅಣ್ಣ ಹೊಟ್ಟೆ ಹಿಡಿದುಕೊಂಡು ಮೇಜಿನ ಮೇಲೆ ಬಿದ್ದ. ಡಾಕ್ಟರಮ್ಮ ಕಣ್ಣೊರೆಸಿಕೊಂಡು "ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ತಾಯಿ ಈ ವಿದ್ಯೆನ?" ಎಂದರು.

ಆ ಮಾತಿಗೆ ಅವಳು ಉಬ್ಬಿಹೋದಳು. ಮರುದಿನ ಅವರೇ "ಇನ್ನೊಂದು ಸಲ" ಎಂದರು, ಅವಳು ಮಾಡಿ ತೋರಿಸಿದಳು. ಫ್ರೇಮು ಮಾರಲು ಬರುವ ಏಜೆಂಟನ ಮುಂದೆಯೂ ಮಾಡಿದಳು. "ನೊರೆ ಮಾವ ಹೇಗಿದ್ದಾರೆ?" ಎನ್ನುವುದು ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಕೇಳುವ ಮಾತಾಯಿತು. ಸಂಜೆ ಮನೆಗೆ ಬಂದು ಅದೇ ಮಾವನ ಎದುರು ತಟ್ಟೆ ಇಡುವಾಗ ಎದೆಯಲ್ಲಿ ಏನೋ ಚುಚ್ಚಿದ ಹಾಗಾಗುತ್ತಿತ್ತು. ಅವರಿಗೆ ಗೊತ್ತಾದರೆ ತಾನೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಆ ಚುಚ್ಚುವುದು ತಾಳಲಾರದೆಯೇ ಇರಬೇಕು, ಒಂದು ದಿನ ಅವಳು ನಿಜವಾಗಿಯೂ ಅವರನ್ನು ಕಣ್ಣು ಪರೀಕ್ಷೆಗೆ ಹೊರಡಿಸಿದಳು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ತಲೆ ಬಾಚಿ, ಸೊಸೆ ಕೆಲಸ ಮಾಡುವ ಜಾಗಕ್ಕೆ ಮೊದಲ ಸಲ ಹೋಗುವ ಹುರುಪಿನಲ್ಲಿ ಬಂದರು. ಆ ಮಾತು ಎತ್ತಬೇಡ ಎಂದು ಸ್ಕ್ರೂ ಅಣ್ಣನಿಗೆ ಅವಳು ಮೊದಲೇ ಹೇಳಿಡಬೇಕಿತ್ತು. ಹೇಳಬೇಕಾದರೆ ತಾನು ಮಾಡಿದ್ದು ತಪ್ಪೆಂದು ಬಾಯಿಬಿಟ್ಟು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದಕ್ಕೇ ಹೇಳಿರಲಿಲ್ಲ.

ಬಾಗಿಲು ತೆರೆದು ಒಳಗೆ ಹೋಗಿ, "ಇವರು ನಮ್ಮ ಮಾವ" ಎಂದಳು.

"ಓಹೋಹೋ, ನೊರೆ ಮಾವ!" ಎಂದು ಸ್ಕ್ರೂ ಅಣ್ಣ ಎದ್ದೇ ನಿಂತ. "ಬನ್ನಿ ಬನ್ನಿ, ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ..."

ಸೊಸೆಯ ಮುಖ ನೋಡಿ ಅವನ ಮಾತು ಅಲ್ಲೇ ನಿಂತಿತು. ಬಗ್ಗಿ, ಬೀಳದೇ ಇದ್ದ ಸ್ಕ್ರೂ ಒಂದನ್ನು ನೆಲದ ಮೇಲೆ ಹುಡುಕತೊಡಗಿದ. ಡಾಕ್ಟರಮ್ಮ ಅವಸರದಲ್ಲಿ "ಕೂತ್ಕೊಳ್ಳಿ ಸಾರ್" ಎಂದರೂ ನಗು ತಡೆದ ಅವರ ತುಟಿಯಂಚು ನಡುಗುತ್ತಿತ್ತು. ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ಸೊಸೆಯ ಮುಖ ನೋಡಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ.

ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತು, ಗೋಡೆಯ ಮೇಲಿನ ಅಕ್ಷರಗಳನ್ನು ಕಂಡಷ್ಟು ಓದಿದರು. ಕಾಣದ ಸಾಲು ಬಂದಾಗ "ಇದು ಕಾಣೋದಿಲ್ಲ" ಎಂದು ಸ್ಪಷ್ಟವಾಗಿ ಹೇಳಿದರು. ಅವಳು ಫ್ರೇಮು ತೋರಿಸಿದಾಗ "ಯಾವುದಾದ್ರೂ ಆಗುತ್ತೆ" ಎಂದರು. ಮನೆಗೆ ಮರಳುವಾಗ ರಸ್ತೆ ದಾಟುವಲ್ಲಿ ಯಾವಾಗಲೂ ಮಾಡುವಂತೆ ಅವಳು ಅವರ ಮೊಳಕೈ ಹಿಡಿದಳು. ಅವರು ಮೆಲ್ಲಗೆ ಬಿಡಿಸಿಕೊಂಡರು.

"ಇಷ್ಟು ಕಾಣುತ್ತೆ ನಂಗೆ."

ಮನೆಯ ಬಾಗಿಲು ಹಾಕುತ್ತಿದ್ದ ಹಾಗೇ ಅವಳು ಅಳತೊಡಗಿದಳು. "ಬಾಯಿ ತಪ್ಪಿ ಬಂತು ಮಾವ."

"ಬಾಯಿ ತಪ್ಪಿ ಬರೋದು ಒಂದು ಸಲ" ಎಂದರು ಅವರು, ಚಪ್ಪಲಿ ಬಿಡುತ್ತ. "ಹೆಸರು ಇಡೋವರೆಗೂ ಬಂದಿದೆ ಅಂದ್ರೆ ತಪ್ಪಿ ಬಂದಿದ್ದಲ್ಲ." ಚಪ್ಪಲಿಯನ್ನು ಬದಿಗೆ ಸರಿಸಿ ಮತ್ತೆ ಹೇಳಿದರು: "ಆ ದಿನ ನೀನು ನನ್ನೆದುರೇ ನಕ್ಕಿದ್ರೂ ಬೇಜಾರಾಗ್ತಿರ್ಲಿಲ್ಲ. ತುಟಿ ಕಚ್ಕೊಂಡೆಯಲ್ಲ, ನನ್ನ ಮರ್ಯಾದೆ ಉಳಿಸ್ತಿದ್ದಾಳೆ ಅಂದ್ಕೊಂಡೆ."

ಅವಳ ಅಳು ಅಲ್ಲೇ ನಿಂತಿತು. ಅಳುವುದಕ್ಕೂ ನಾಚಿಕೆಯಾಯಿತು.

ಆಮೇಲೆ ಮಾವ ತುಂಬ ಮರ್ಯಾದೆಯಿಂದ ನಡೆದುಕೊಳ್ಳತೊಡಗಿದರು. ಅದೇ ಅವಳಿಗೆ ನುಂಗಲಾರದ ತುತ್ತಾಯಿತು. "ಸ್ವಲ್ಪ ನೀರು ಕೊಡ್ತೀಯಾ, ದಯವಿಟ್ಟು" ಎನ್ನುತ್ತಿದ್ದರು. ಕುಡಿದ ಲೋಟ ತಾವೇ ತೊಳೆದಿಡುತ್ತಿದ್ದರು. ಅಡುಗೆಮನೆಯ ಸ್ಟೂಲು ಖಾಲಿ ಉಳಿಯಿತು. "ಅಪ್ಪ ಯಾಕೋ ಮಂಕಾಗಿದ್ದಾರಲ್ಲ?" ಎಂದು ಗಂಡ ಕೇಳಿದಾಗ ಅವಳು ಒಲೆಯ ಕಡೆ ತಿರುಗಿಕೊಂಡು "ಹೊಸ ಕನ್ನಡಕ, ಅಭ್ಯಾಸ ಆಗ್ಬೇಕು" ಎಂದಳು.

ಅಂಗಡಿಯಲ್ಲಿ ಅವಳು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದಳು. ಮಾವ ಅವತ್ತು ‘ಪ್ರಯಾಣಿಕರ ಗಮನಕ್ಕೆ’ ಎಂದಿರಲೇ ಇಲ್ಲ, ಅದು ತಾನು ಕಟ್ಟಿದ್ದು ಎಂದಳು. ಯಾರಿಗೂ ಹೇಳಬೇಡ ಎಂದು ಅವರು ಬೇಡಿಕೊಂಡಿದ್ದರು ಎಂಬುದನ್ನೂ ಹೇಳಿದಳು. ಸ್ಕ್ರೂ ಅಣ್ಣ ತಲೆ ಕೆರೆದುಕೊಂಡು "ನಾವು ಸುಮ್ನೆ ತಮಾಷೆಗೆ ನಕ್ಕಿದ್ದಮ್ಮ" ಎಂದ. ಡಾಕ್ಟರಮ್ಮ ಮಾತ್ರ ಸ್ವಲ್ಪ ಬಿರುಸಾಗಿಯೇ, "ಇದನ್ನ ಮೊದಲೇ ಹೇಳಿದ್ರೆ ನಾವು ನಗ್ತಾನೇ ಇರ್ಲಿಲ್ಲ" ಎಂದರು. ನಿಜವೇ. ಅದಕ್ಕಾಗಿಯೇ ತಾನು ಆ ಭಾಗವನ್ನು ಬಿಟ್ಟು ಹೇಳಿದ್ದು ಎಂದು ಆಗ ಅವಳಿಗೆ ಹೊಳೆಯಿತು. ಎದೆ ಹಗುರಾಗುತ್ತದೆ ಎಂದುಕೊಂಡಿದ್ದವಳು ಇನ್ನಷ್ಟು ಕುಗ್ಗಿ ಮನೆಗೆ ಬಂದಳು.

ಮುಂದಿನ ತಿಂಗಳು ನಾದಿನಿ ರಜೆ ಹಾಕಿ ಬಂದಳು. ಅಪ್ಪನ ರಕ್ತ ಪರೀಕ್ಷೆ, ಮಾತ್ರೆ, ಪಾದ ಎಲ್ಲವನ್ನೂ ತಪಾಸಣೆ ಮಾಡಿ, ಸ್ನಾನಕ್ಕೆ ಹೋದವಳು ಉಂಡೆ ಹಾಕಿದ ಟಬ್ಬಿನ ಬಿಸಿನೀರಿಗೆ ಮೈ ಕೆಂಪಗಾಗಿ ಹೊರಬಂದಳು. "ಅತ್ತಿಗೆ, ಏನು ಸುವಾಸನೆ ಅದು! ನಂಗೊಂದು ಡಬ್ಬಿ ಕಟ್ಟಿಕೊಡು. ನಾಳೆ ನಿಮ್ಮಂಗಡಿಗೂ ಬರ್ತೀನಿ, ಒಂದು ತಂಪು ಕನ್ನಡಕ ತಗೋಬೇಕು."

ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಗೆ ತಾಗಿ ಸದ್ದಾಯಿತು. ಎಲ್ಲರೂ ಊಟಕ್ಕೆ ಕೂತಿದ್ದರು. ಮಾವ ತುತ್ತು ಮುಗಿಸಿ ಬಾಯಿ ಒರೆಸಿಕೊಂಡರು.

"ತಗೊಂಡು ಹೋಗು. ಆದ್ರೆ ಜೋಪಾನ, ನನ್ನ ಹಾಗೆ ತಿಂದುಬಿಟ್ಟೀಯ" ಎಂದರು.

"ತಿನ್ನೋದಾ?"

ಮಾವ ಹೇಳಿದರು, ತಾವು ಮಾಡಿದ್ದರಲ್ಲಿ ಒಂದನ್ನೂ ಬಿಡದೆ. ಮಿಠಾಯಿ ಡಬ್ಬಿ ಕಂಡು ನಾಲಿಗೆಯಲ್ಲಿ ನೀರೂರಿದ್ದು, ಕಳ್ಳನ ಹಾಗೆ ಹಿಂದೆ ಮುಂದೆ ನೋಡಿ ಸ್ಟೂಲು ಹತ್ತಿದ್ದು, ದೊಡ್ಡದನ್ನೇ ಆರಿಸಿ ಗಬಕ್ಕನೆ ಕಚ್ಚಿದ್ದು. "ಮೊದಲು ಅಂದ್ಕೊಂಡೆ, ಸಿಹಿ ಹಳಸಿದೆ ಅಂತ. ಆಮೇಲೆ ಅಂದ್ಕೊಂಡೆ, ಹಳಸಿರೋದು ನಾನೇ ಅಂತ." ಮಗ ನಕ್ಕು ನಕ್ಕು ಕೆಮ್ಮಿದ. ಮಗಳು "ಅಪ್ಪಾ! ಸಕ್ಕರೆ ಇಟ್ಕೊಂಡು!" ಎಂದು ಗದರಲು ಹೋಗಿ, ತಾನೂ ತಡೆಯಲಾರದೆ ಮೇಜು ತಟ್ಟಿ ನಕ್ಕಳು. ಅಂಗಡಿಯಲ್ಲಿ ಸೊಸೆ ಹೇಳಿದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು ಅವರು ಹೇಳಿದ್ದು.

"ಅತ್ತಿಗೆ, ನಿಂಗೆ ಗೊತ್ತಿತ್ತಾ ಇದು?" ಎಂದಳು ನಾದಿನಿ, ಕಣ್ಣೊರೆಸಿಕೊಳ್ಳುತ್ತ.

ಸೊಸೆ ಬಾಯಿ ತೆರೆದಳು. ಅವಳಿಗಿಂತ ಮೊದಲು ಮಾವ ಮಾತಾಡಿದರು.

"ಅವಳಿಗೆಲ್ಲಿ ಗೊತ್ತು? ಅಂಗಡಿಗೆ ಹೋಗಿದ್ಲು. ಈಗಲೇ ಕೇಳ್ತಿರೋದು ಪಾಪ."

ಎಲ್ಲರೂ ಅವಳತ್ತ ನೋಡಿದರು, ಅವಳೂ ನಗುವುದನ್ನು ಕಾಯುತ್ತ. ಅವಳು ನಕ್ಕಳು. ಮೊದಲ ಸಲ ಕೇಳಿದವಳ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕಿವಿಯ ತುದಿಯವರೆಗೂ ಬಿಸಿ ಏರಿತು.

ಊಟವಾದ ಮೇಲೆ ಅಣ್ಣ ತಂಗಿ ಹೊರಗೆ ಗಾಳಿಗೆ ಹೋದರು. ಮಾವ ತಮ್ಮ ತಟ್ಟೆ ಹಿಡಿದು ಅಡುಗೆಮನೆಗೆ ಬಂದರು.

"ಯಾಕೆ ಹೇಳಿದ್ರಿ ಮಾವ?" ಅವಳು ತಟ್ಟೆ ಈಸಿಕೊಂಡಳು. "ಮಗಳಿಗೆ ಗೊತ್ತಾಗ್ಲೇಬಾರದು ಅಂದಿದ್ರಿ."

"ನಾಳೆ ಅವಳು ನಿಮ್ಮಂಗಡಿಗೆ ಬರ್ತಾಳೆ. ಅಲ್ಲಿ ಇನ್ಯಾರದೋ ಬಾಯಿಂದ ಕೇಳೋದಕ್ಕಿಂತ ನನ್ನ ಬಾಯಿಂದ ಕೇಳ್ಲಿ ಅಂತ."

"ಅವರು ಇನ್ನು ಹೇಳಲ್ಲ. ನಾನು ಎಲ್ಲಾ ಹೇಳಿದೀನಿ ಅವರಿಗೆ."

"ಇರಬಹುದು" ಎಂದರು ಮಾವ. ಅದರಲ್ಲಿ ಕೋಪವಿರಲಿಲ್ಲ. ಅವಳ ಮಾತಿಗೆ ಈಗ ಅವರ ಹತ್ತಿರ ಇರುವ ಬೆಲೆ ಅಷ್ಟೇ ಎಂಬಂತೆ ಇತ್ತು. "ಒರೆಸೋ ಬಟ್ಟೆ ಕೊಡು."

ಅವಳು ತೊಳೆದು ಕೊಟ್ಟಳು, ಅವರು ಒರೆಸಿ ಇಟ್ಟರು. ಹೋಗುವಾಗ ಅವರು "ಸಾರು ಚೆನ್ನಾಗಿತ್ತು" ಎಂದರು, ದಯವಿಟ್ಟು ಗಿಯವಿಟ್ಟು ಏನೂ ಸೇರಿಸದೆ.

ಮರುದಿನ ಅಂಗಡಿಯಲ್ಲಿ ನಾದಿನಿಯ ಮುಂದೆ ಯಾರೂ ಆ ಮಾತೆತ್ತಲಿಲ್ಲ. ದಿನ ಕಳೆದಂತೆ ಮಾವ ಮತ್ತೆ ಅಡುಗೆಮನೆಗೆ ಬಂದು ಕೂರತೊಡಗಿದರು. ಹೊಸ ಕನ್ನಡಕದಲ್ಲಿ ಪೇಪರು ಓದಿ ಹೇಳುತ್ತಾರೆ, ತರಕಾರಿಯ ರೇಟಿಗೆ ಬೈಯುತ್ತಾರೆ, ಅವಳು ಉಂಡೆ ಕಟ್ಟುವಾಗ ನೀರು ಹೆಚ್ಚಾಯಿತು ಎಂದು ಎಚ್ಚರಿಸುತ್ತಾರೆ. ನೋಡಿದವರಿಗೆ ಎಲ್ಲ ಮೊದಲಿನ ಹಾಗೇ ಇದೆ. ಆದರೆ ಮೊನ್ನೆ ಅವಳು ಕಾಫಿ ಹಿಡಿದು ಕೋಣೆಗೆ ಹೋದಾಗ ಅವರು ಫೋನಿನಲ್ಲಿ ಮಗಳ ಜೊತೆ ಏನೋ ಹೇಳಿಕೊಳ್ಳುತ್ತಿದ್ದರು, ದನಿ ತಗ್ಗಿಸಿ. ಅವಳನ್ನು ಕಂಡು ನಿಲ್ಲಿಸಿದರು. "ಇಲ್ಲೇ ಇಡಮ್ಮ" ಎಂದು ನಕ್ಕು, ಅವಳು ಹೊರಗೆ ಹೋಗುವವರೆಗೂ ಸುಮ್ಮನೆ ಫೋನು ಹಿಡಿದುಕೊಂಡು ಕೂತರು. ಅವಳು ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು. ಒಳಗೆ ಮಾತು ಮತ್ತೆ ಶುರುವಾದದ್ದು ಕೇಳಿಸಿತು. ಏನೆಂದು ಗೊತ್ತಾಗುವ ಮೊದಲೇ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.