ಕೊನೆಗೆ ಇಟ್ಟ ಬೀದಿ

ಭೂಕಂಪದ ಮರುದಿನ ಕ್ರೀಡಾಂಗಣದ ಬಟ್ಟೆ ಬದಲಿಸುವ ಕೋಣೆಯೇ ರಕ್ಷಣಾ ಕಾರ್ಯದವರ ಆಫೀಸಾಯಿತು. ಹೊರಗೆ ಆಟದ ಬಯಲಿನಲ್ಲಿ ಹೆಲಿಕಾಪ್ಟರುಗಳು ಇಳಿಯುತ್ತಿದ್ದವು. ಒಳಗೆ ಟೇಬಲ್ ಟೆನಿಸ್ ಮೇಜಿನ ಬಲೆ ಬಿಚ್ಚಿ ಊರಿನ ನಕ್ಷೆ ಹರಡಿದ್ದರು. ನಕ್ಷೆಯ ಮೇಲೆ ನೀರಿನ ಬಾಟಲಿಯ ನೀಲಿ ಮುಚ್ಚಳಗಳು. ಒಂದೊಂದು ಮುಚ್ಚಳ ಒಂದೊಂದು ಹೆಲಿಕಾಪ್ಟರು. ಗೋಡೆಯ ಗೂಟಗಳಲ್ಲಿ ಆಟಗಾರರು ಬಿಟ್ಟುಹೋದ ಅಂಗಿಗಳು ಇನ್ನೂ ನೇತಾಡುತ್ತಿದ್ದವು. ಯಾವ ಮುಚ್ಚಳ ಯಾವಾಗ ಎಲ್ಲಿಗೆ ಸರಿಯಬೇಕೆಂದು ಹೇಳುವುದು ಅವಳ ಕೆಲಸ.

ಅದಕ್ಕಿಂತ ಕಷ್ಟದ್ದು, ಯಾವುದು ಎಲ್ಲಿಗೆ ಹೋಗಬಾರದು ಎನ್ನುವುದು. ಕುಸಿದ ಕಟ್ಟಡಗಳ ಮೇಲೆ ಬಗ್ಗಿ, ಒಳಗಿನ ಸದ್ದು ಆಲಿಸಿ ಜನರನ್ನು ಹುಡುಕುವ ತಂಡವೊಂದಿತ್ತು. ಅದರ ಮುಖ್ಯಸ್ಥನನ್ನು ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು. ಹೆಂಡತಿ ಹೇಳಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ನನಗೆ ಕೇಳಿಸುತ್ತೆ ಎಂದು ಅವನೇ ನಗಾಡುತ್ತಿದ್ದ. ಅವನು ಕೆಂಪು ಬಟ್ಟೆ ಎತ್ತಿದರೆ ಆ ಬೀದಿಯಲ್ಲಿ ಲಾರಿ, ಜನರೇಟರು, ಮಾತು, ಅಳು ಎಲ್ಲ ನಿಲ್ಲಬೇಕು. ಆಕಾಶವೂ ಸುಮ್ಮನಿರಬೇಕು. ನೆಲದಡಿಯವರಿಗೆ ಮೌನ ಬೇಕು, ತಾರಸಿಯ ಮೇಲಿನವರಿಗೆ ಹೆಲಿಕಾಪ್ಟರು. ಎರಡನ್ನೂ ಒಂದೇ ಕಡೆ ಒಟ್ಟಿಗೆ ಕೊಡಲಾಗದು. ಹಾಗಾಗಿ ಆಲಿಸುವುದಕ್ಕೆ ಬೀದಿಗಳಿಗೆ ಸರದಿ ಹಾಕಿದ್ದಳು, ಹೊಳೆಯ ಕಡೆಯಿಂದ ಮೇಲಕ್ಕೆ.

ಹಾಗೆ ಎಣಿಸಿದರೆ ಎರಡನೆಯದೇ ಆಸ್ಪತ್ರೆಯ ಹಿಂದಿನ ಬೀದಿ. ಅಲ್ಲಿಯ ಒಂದು ನೆಲಮಾಳಿಗೆಯಲ್ಲಿ ಅವಳ ಅಕ್ಕನ ಗಂಡನ ಹೊಲಿಗೆ ಅಂಗಡಿ; ನೆಲ ನಡುಗಿದಾಗ ಭಾವ ಒಳಗೇ ಇದ್ದ. ಅದರ ಹತ್ತಿರ ಬಂದಾಗ ಅವಳ ಪೆನ್ಸಿಲು ನಿಂತಿತ್ತು. ತನ್ನವರೆಂದು ಮುಂದೆ ಹಾಕಿಕೊಂಡಳು ಎಂದು ನಾಳೆ ಯಾರಾದರೂ ಅಂದರೆ? ಆ ಬೀದಿಯನ್ನು ಎತ್ತಿ ಕೊನೆಗೆ ಇಟ್ಟಳು. ಇಟ್ಟ ಮೇಲೆ ಮನಸ್ಸು ಹಗುರವಾದಂತೆಯೂ ಆಗಿತ್ತು. ಯಾರೂ ಏನೂ ಕೇಳಲಿಲ್ಲ. ಪೈಲಟ್‌ಗಳೊಂದಿಗೆ ವೈರ್‌ಲೆಸ್ಸಿನಲ್ಲಿ ಮಾತಾಡುತ್ತಿದ್ದ ನಿವೃತ್ತ ಕ್ಯಾಪ್ಟನ್ ಮಾತ್ರ ನಕ್ಷೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಕನ್ನಡಕ ಒರೆಸಿಕೊಂಡರು.

ಅಕ್ಕ ಅಂಗಡಿಯಿದ್ದ ಜಾಗದ ಮುಂದೆಯೇ ಕೂತಿದ್ದಳು. ಬೆಳಗಿನ ಫೋನಿನಲ್ಲಿ ಅವಳೇ ತಂಗಿಗೆ ಧೈರ್ಯ ಹೇಳಿದ್ದಳು. ನಿನ್ನ ಭಾವ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವನಲ್ಲ, ಯಮ ಬಂದರೂ ಗುಂಡಿ ಹಾಕೋದು ಬಾಕಿ ಇದೆ ನಾಳೆ ಬಾ ಅಂತಾನೆ, ಎಂದಿದ್ದಳು. ಮಧ್ಯಾಹ್ನದ ಫೋನಿನಲ್ಲಿ ತಮಾಷೆ ಇರಲಿಲ್ಲ. ಹುಡುಕೋರು ಯಾವಾಗ ಬರ್ತಾರೆ ಎಂದಷ್ಟೇ ಕೇಳಿದಳು. ಬರ್ತಾರಕ್ಕ, ಸರದಿ ಇದೆ, ಎಂದಿದ್ದಳು ತಂಗಿ.

ಬೇರೆ ಬೀದಿಗಳಲ್ಲಿ ಒಂದೆರಡು ಕಡೆ ದನಿ ಸಿಕ್ಕಿತು, ಅಗೆಯುವ ಕೆಲಸ ಬೆಳೆಯಿತು, ಸರದಿ ಜಾರುತ್ತ ಹೋಯಿತು. ಕೊನೆಯ ಬೀದಿಯಲ್ಲಿ ಕಿವಿ ಕೆಂಪು ಬಟ್ಟೆ ಎತ್ತುವ ಹೊತ್ತಿಗೆ ಬಿಸಿಲು ಗೋಡೆಗಳ ತುದಿಗೇರಿತ್ತು. ಅಷ್ಟರಲ್ಲೇ ಆಸ್ಪತ್ರೆಯಿಂದ ಡಾಕ್ಟರು ಕರೆದರು. ಅಲ್ಲಿ ಮೆಟ್ಟಿಲು ಕುಸಿದಿದ್ದರಿಂದ ರೋಗಿಗಳನ್ನು ತಾರಸಿಯಿಂದಲೇ ಸಾಗಿಸಬೇಕಿತ್ತು. ಉಳಿದವರೆಲ್ಲ ಉಸಿರಾಟದ ಯಂತ್ರದ ಮೇಲಿದ್ದಾರೆ, ಬ್ಯಾಟರಿ ಕೈಕೊಡುತ್ತಿದೆ, ಎಂದರು. ಕತ್ತಲಾದರೆ ತಾರಸಿಯ ಸುತ್ತಲಿನ ಕರೆಂಟು ತಂತಿಗಳ ನಡುವೆ ಇಳಿಯುವಂತಿಲ್ಲ, ಎಂದರು ಕ್ಯಾಪ್ಟನ್. ಹೆಲಿಕಾಪ್ಟರು ಹೊಳೆಯಾಚೆ ಸುತ್ತು ಹಾಕುತ್ತ ಕಾಯುತ್ತಿತ್ತು.

ವೈರ್‌ಲೆಸ್ಸಿನಲ್ಲಿ ಕಿವಿಯ ಪಿಸುದನಿ ಬಂತು.

"ಏನೋ ಇದೆ ಮೇಡಂ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಹಾಗೆ. ಯಾವ ಮೂಲೆ ಅಂತ ಗೊತ್ತಾಗ್ತಿಲ್ಲ. ಇನ್ನೊಂಚೂರು ಸುಮ್ಮನಿರಿಸಿ."

ಅವನ ಪಕ್ಕದಿಂದ, ಅಷ್ಟೇ ಮೆಲ್ಲಗೆ, ಅಕ್ಕನ ದನಿ: "ಕತ್ತರಿ ಅದು."

ಕ್ಯಾಪ್ಟನ್ ಮೈಕನ್ನು ಅಂಗೈಯಲ್ಲಿ ಮುಚ್ಚಿ, ಕಳಿಸಲೋ ಬೇಡವೋ, ನೀವು ಹೇಳಿದ ಹಾಗಮ್ಮ, ಎಂದರು. ಮೇಲೆ ಹಲವರು, ಕೆಳಗೆ ಒಬ್ಬ. ಮಗುವಿಗೂ ಬರುವ ಲೆಕ್ಕ. ಹೊಳೆಯಿಂದ ಮೇಲಕ್ಕೆ ಎಣಿಸುವುದೂ ಅಂಥದೇ ಲೆಕ್ಕವಾಗಿತ್ತು. ಅದನ್ನು ಕೆಡಿಸಿದವಳು ತಾನು. ಈಗ ಭಾವನಿಗಾಗಿ ಇನ್ನೊಮ್ಮೆ ಕೆಡಿಸುವ ಆಸೆ ಬೆರಳಿನ ತುದಿಯವರೆಗೂ ಬಂತು. ನೀಲಿ ಮುಚ್ಚಳವನ್ನು ಹೊಳೆ ದಾಟಿಸಿ ಆಸ್ಪತ್ರೆಯ ಮೇಲೆ ಇಟ್ಟಳು.

"ಹೋಗಲಿ," ಎಂದಳು.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಂತು. ರೆಕ್ಕೆಗಳ ಅಬ್ಬರದಲ್ಲಿ ದನಿ ಚೂರುಚೂರಾಗಿ ಕೇಳುತ್ತಿತ್ತು.

"ನೀನೇ ಕಳಿಸಿದ್ದಾ?"

"ಹೂಂ ಅಕ್ಕ."

"ಅದು ಬಿಡು. ಆಸ್ಪತ್ರೇಲಿರೋರೂ ಮನುಷ್ಯರೇ. ಬೆಳಿಗ್ಗೆ ಈ ಹುಡುಕೋರು ನಮ್ಮ ಬೀದಿ ಬಾಯಿಗೇ ಬಂದಿದ್ರು ಕಣೇ. ಆಮೇಲೆ ದಾಟ್ಕೊಂಡು ಹೋದ್ರು. ಯಾಕೆ?"

ಸುಳ್ಳು ಬಾಯಿಗೆ ಬಂದಿತ್ತು. ಅದನ್ನು ನುಂಗಿದಳು. "ನಮ್ಮವರನ್ನ ಮೊದಲು ಹಾಕ್ಕೊಂಡ್ಲು ಅಂತ ಯಾರಾದ್ರೂ ಅಂದಾರು ಅಂತ."

"ಅಂದ್ರಾ ಯಾರಾದ್ರೂ?"

"ಇಲ್ಲ."

ಅಕ್ಕ ಫೋನು ಇಡಲಿಲ್ಲ. ಹೆಲಿಕಾಪ್ಟರು ಹೋಯಿತು, ಮತ್ತೆ ಬಂತು, ಮತ್ತೆ ಹೋಯಿತು. ತಾರಸಿ ಖಾಲಿಯಾಯಿತು, ಎಲ್ಲರೂ ಉಸಿರಾಡುತ್ತಿದ್ದಾರೆ, ಎಂದರು ಕ್ಯಾಪ್ಟನ್. ಅವಳು ಮುಚ್ಚಳಗಳನ್ನೆಲ್ಲ ಮೇಜಿನ ಅಂಚಿಗೆ ಸರಿಸಿದಳು. ಕೆಂಪು ಬಟ್ಟೆ ಮತ್ತೆ ಎದ್ದಿರಬೇಕು. ಫೋನಿನೊಳಗೆ ಬೀದಿ ಒಮ್ಮೆಲೇ ನಿಶ್ಶಬ್ದವಾಯಿತು. ಈಗ ಬೇಕಾದಷ್ಟು ಮೌನವಿತ್ತು. ಅದರಲ್ಲಿ ಅಕ್ಕನ ಉಸಿರೊಂದೇ ಕೇಳುತ್ತಿತ್ತು. ಆಮೇಲೆ ಅಕ್ಕ ಅದನ್ನೂ ಬಿಗಿಹಿಡಿದಳು.

ಕತ್ತರಿಯ ಸದ್ದು ಬರಲಿಲ್ಲ. ಬಹಳ ಹೊತ್ತಿನ ಮೇಲೆ ಕೆಂಪು ಬಟ್ಟೆ ಇಳಿದಿರಬೇಕು, ಆ ಬೀದಿಯಲ್ಲಿ ಯಾರೋ ಜನರೇಟರು ಶುರುಮಾಡಿದರು.