ಗಡಿಗಲ್ಲು ಮತ್ತು ಮಣ್ಣಿಗೆ ಬಿದ್ದ ಮಿಠಾಯಿ

ಓರ್‌ಕೂಂಬ್ ಊರಿನಲ್ಲಿ ಏವಿಸ್ ಟಿಝಾರ್ಡಳ ಬಾಯಿಗೆ ಹೆದರದವರು ಇಬ್ಬರೇ. ಒಬ್ಬರು ಹಳೆಯ ಪಾದ್ರಿ, ಅವರು ತೀರಿಕೊಂಡು ಎಷ್ಟೋ ಕಾಲವಾಯಿತು. ಇನ್ನೊಬ್ಬ ಅವಳ ಜೊತೆ ಓದಿದ ಏಡಿ ಹಿಡಿಯುವ ಸೆಡ್ರಿಕ್ ಲೆಗ್, ಅವನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ.

ಊರ ಇತಿಹಾಸದ ಕೂಟಕ್ಕೆ ಏವಿಸಳೇ ಅಧ್ಯಕ್ಷೆ, ಭಾಷಣ ಮಾಡುವವಳೂ ಅವಳೇ, ಚಹಾ ಕಾಸುವವಳೂ ಅವಳೇ. ಬಂಗುಡೆ ಮೀನು ದಡಕ್ಕೆ ಮುಗಿಬಿದ್ದ ಭಾನುವಾರ ಪ್ರಾರ್ಥನೆಯ ನಡುವೆಯೇ ಚರ್ಚು ಖಾಲಿಯಾದದ್ದು, ಯುದ್ಧ ಮುಗಿದ ಮೇಲೂ ಕಡಲ ದಂಡೆಯಲ್ಲಿ ಉಳಿದಿದ್ದ ಮುಳ್ಳುತಂತಿಯ ಮೇಲೆ ಹೆಂಗಸರು ಬಟ್ಟೆ ಒಣಹಾಕುತ್ತಿದ್ದದ್ದು, ಎಲ್ಲವೂ ಅವಳ ನಾಲಗೆಯ ತುದಿಯಲ್ಲಿತ್ತು. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೆ ಇನ್ನೂ ಜಾಸ್ತಿ ಹೇಳುತ್ತಿದ್ದಳು.

ಅಂಥ ಊರಿಗೆ ಬೀಗ ಬಿತ್ತು. ಬೀಗ ಬಿದ್ದದ್ದು ಪಾಚಿ ಓಣಿಗೆ. ಕಡಲಪಾಚಿಯನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಆಲೂಗಡ್ಡೆ ಮಡಿಗಳಿಗೆ ಹಾಕುತ್ತಿದ್ದ ಕಾಲದಿಂದಲೂ ಊರಿಗೆ ಕಡಲಿಗಿಳಿಯಲು ಇದ್ದದ್ದು ಅದೊಂದೇ ದಾರಿ. ಕಡಲಿಗೆ ಮುಖಮಾಡಿ ನಿಂತರೆ ಓಣಿಯ ಎಡಕ್ಕೆ ಊರಿನ ಗೋಮಾಳ, ಬಲಕ್ಕೆ ದೊಡ್ಡ ಬಂಗಲೆಯ ತೋಟ. ಕಳೆದ ವರ್ಷ ಲಂಡನ್ನಿನ ಹಾಲಿಸ್ ಎಂಬಾತ ಬಂಗಲೆ ಕೊಂಡು, ಹೆಂಡತಿಯನ್ನೂ ಐದು ವರ್ಷದ ಮಗಳು ಇಮೊಜೆನ್‌ಳನ್ನೂ ಕರೆದುಕೊಂಡು ಬಂದ. ಆತ ಕೆಟ್ಟವನೇನಲ್ಲ. ಓಣಿಯೂ ನಿಮ್ಮದೇ ಎಂದು ವಕೀಲ ಹೇಳಿದ, ಈತ ಗೇಟು ಹಾಕಿಸಿದ, ಅಷ್ಟೇ.

ಊರಿಗೂ ಬಂಗಲೆಗೂ ನಡುವಿನ ಗಡಿ ಎಂದರೆ ಒಂದು ಕಲ್ಲು. ಅದು ಯಾವತ್ತೋ ಮಣ್ಣಿನಲ್ಲಿ ಹೂತುಹೋಗಿತ್ತು. ಕಲ್ಲು ಓಣಿಯ ಬಲಕ್ಕೆ, ಬಂಗಲೆಯ ಅಂಚಿನಲ್ಲಿದ್ದರೆ ಓಣಿ ಊರಿನದು. ಎಡಕ್ಕೆ, ಗೋಮಾಳದ ಅಂಚಿನಲ್ಲಿದ್ದರೆ ಓಣಿ ಹಾಲಿಸನದು. ತೀರ್ಮಾನಕ್ಕೆ ಜಿಲ್ಲೆಯಿಂದ ಮಿಸ್ ಡ್ರೂಯಿಟ್ ಎಂಬ ಅಧಿಕಾರಿಣಿ ಬರುವವಳಿದ್ದಳು. ಆ ಕಲ್ಲನ್ನು ಕಂಡು ನೆನಪಿಟ್ಟುಕೊಂಡವರಲ್ಲಿ ಬದುಕಿ ಉಳಿದವಳು ಏವಿಸ್ ಒಬ್ಬಳೇ. ಕಂಡದ್ದೇನು, ಅವಳು ಅದಕ್ಕೆ ತಲೆ ಕುಟ್ಟಿಸಿಕೊಂಡವಳು.

ಯೇಸು ಸ್ವರ್ಗಕ್ಕೇರಿದ ಹಬ್ಬದ ದಿನ ಊರಿಗೆ ಊರೇ ವಿಲೋ ಮರದ ಕೋಲು ಹಿಡಿದು ಗಡಿಯ ಸುತ್ತ ನಡೆಯುತ್ತಿತ್ತು. ಒಂದೊಂದು ಗಡಿಗಲ್ಲಿಗೆ ಒಂದೊಂದು ಮಗು. ಮಗುವಿನ ಕಾಲು ಹಿಡಿದು ತಲೆಕೆಳಗಾಗಿ ತೂಗಿಸಿ ನೆತ್ತಿಯನ್ನು ಕಲ್ಲಿಗೆ ಮೆಲ್ಲಗೆ ಕುಟ್ಟುತ್ತಿದ್ದರು. ಕಾಗದ ಸುಟ್ಟುಹೋದೀತು, ಹಿರಿಯರು ಸತ್ತುಹೋದಾರು, ಕುಟ್ಟಿಸಿಕೊಂಡ ತಲೆ ಮಾತ್ರ ಮರೆಯುವುದಿಲ್ಲ ಎಂಬುದು ಹಿಂದಿನವರ ಲೆಕ್ಕಾಚಾರ. ಅಳದಿರಲೆಂದು ಕೈಗೊಂದು ಮಿಠಾಯಿ. ಪಾಚಿ ಓಣಿಯ ಕಲ್ಲಿಗೆ ಬಂದದ್ದು ಪುಟ್ಟ ಏವಿಸಳ ಸರದಿ.

ಅಧಿಕಾರಿಣಿ ಬರುವ ಹಿಂದಿನ ಸಂಜೆ ಪಬ್ಬಿನಲ್ಲಿ ಊರು ನೆರೆದಿತ್ತು. ಸೆಡ್ರಿಕ್ ಅವಳ ಮುಂದೆ ಒಂದು ಲೋಟ ಸೈಡರ್ ತಂದಿಟ್ಟು, ಕಿವಿಗೆ ಅಂಗೈ ಆನಿಸಿಕೊಂಡು ಕೇಳಿದ.

"ಏವಿಸ್, ನಾಳೆ ಕಲ್ಲು ಎಲ್ಲಿತ್ತು ಅಂತೀಯ?"

"ಎಡಗಡೆ."

ಸೆಡ್ರಿಕ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತ.

"ಎಡಗಡೆ ಅಂದ್ರೆ ಓಣಿ ಅವನದ್ದಾಗತ್ತೆ ಕಣೇ!"

"ಗೊತ್ತು. ನಂಗೇನು ತಲೆ ಕೆಟ್ಟಿದ್ಯಾ? ನನ್ನ ಬಲಗೈಲಿದ್ದ ಮಿಠಾಯಿ ಓಣಿ ಕೆಸರಿಗೆ ಬಿತ್ತು. ಸಕ್ಕರೆ ರೇಷನ್ ಇದ್ದ ಕಾಲ. ತಲೆ ಏಟಿಗೆ ಅಳಲಿಲ್ಲ, ಮಿಠಾಯಿಗೆ ಅತ್ತೆ. ಮುಂದೆ ಸಮುದ್ರ, ಬಲಗೈಗೆ ಓಣಿ. ಅಂದ್ಮೇಲೆ ಕಲ್ಲು ಓಣಿಗೆ ಎಡಕ್ಕೇ ತಾನೆ?"

"ಬಲಗಡೆ ಅಂದ್ಬಿಡು. ಯಾರಿಗ್ ಗೊತ್ತಾಗತ್ತೆ?"

"ನಂಗ್ ಗೊತ್ತಾಗತ್ತಲ್ಲೋ."

"ನನ್ನ ದೋಣಿ ಕೆಳಗೆ ಕೊಳೀತಾ ಬಿದ್ದಿದೆ. ನೀನು ನೋಡಿದ್ರೆ ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ ಕೂತಿದ್ದೀಯ!"

"ಕುಟ್ಟಿದ್ದು ನನ್ನ ತಲೆನ. ನಿನ್ನದನ್ನ ಕುಟ್ಟಿದ್ರೆ ಒಂದಿಷ್ಟು ಬುದ್ಧಿನಾದ್ರೂ ಬರ್ತಿತ್ತು."

ಯಾರೂ ನಗಲಿಲ್ಲ. ಅವಳು ಸೈಡರ್ ಮುಟ್ಟದೆ ಎದ್ದು ಹೋದಳು.

ಅವಳಿಗೇನು ಓಣಿ ಬೇಡವಾಗಿತ್ತೇ? ಗಂಡ ವಾಲ್ಟರನ ಬೂದಿಯನ್ನು ಅವಳು ನೀರಿಗೆ ಬಿಟ್ಟದ್ದು ಆ ದಂಡೆಯಲ್ಲೇ. ಭಾನುವಾರ ಬಂತೆಂದರೆ ಇಳಿದುಹೋಗಿ, ಬಂಡೆಯ ಮೇಲೆ ಕೂತು, ವಾರದ ಜಗಳಗಳನ್ನೆಲ್ಲ ಅವನಿಗೆ ಒಪ್ಪಿಸಿ ಬರುತ್ತಿದ್ದಳು. ಬೀಗ ಬಿದ್ದಂದಿನಿಂದ ಜಗಳಗಳು ಹೊಟ್ಟೆಯಲ್ಲೇ ಉಳಿದಿದ್ದವು. ಆದರೂ ಹಸಿ ಸುಳ್ಳು ಹೇಳಿ ಇಳಿದುಹೋದರೆ ವಾಲ್ಟರನಿಗೆ ಯಾವ ಮುಖ ತೋರಿಸುವುದು? ಆ ರಾತ್ರಿ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಓಣಿಯಲ್ಲಿ, ಮಿಸ್ ಡ್ರೂಯಿಟ್ ಮತ್ತು ಹಾಲಿಸ್ ಎದುರು, ಏವಿಸ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇಬ್ಬರು ಆಳುಗಳು ಎಡ ಅಂಚನ್ನು ಅಗೆದರು. ಬೇರು ಸಿಕ್ಕಿತು, ಪಿಂಗಾಣಿ ಚೂರು ಸಿಕ್ಕಿತು, ಗಾಡಿಚಕ್ರದ ಕಬ್ಬಿಣದ ಪಟ್ಟಿ ಸಿಕ್ಕಿತು. ಕಲ್ಲು ಸಿಗಲಿಲ್ಲ. ಊರಿನವರು ಅವಳಿಂದ ದೂರ ಸರಿದು ನಿಂತಿದ್ದರು.

"ಕಲ್ಲು ಸಿಗದೇ ಇದ್ರೆ ಸಾಕ್ಷಿ ಮಾತನ್ನೇ ಬರ್ಕೋಬೇಕಾಗತ್ತೆ ಮೇಡಂ. ಓಣಿ ಬಂಗಲೆಗೆ ಸೇರತ್ತೆ" ಎಂದಳು ಮಿಸ್ ಡ್ರೂಯಿಟ್, ಬೇಸರದಿಂದಲೇ.

"ಬರ್ಕೊಳ್ಳಮ್ಮ" ಎಂದಳು ಏವಿಸ್. ಯಾರ ಮುಖವನ್ನೂ ನೋಡಲಾರದೆ, ಬಿಚ್ಚಿಹೋಗಿದ್ದ ಬೂಟಿನ ದಾರ ಕಟ್ಟುವ ನೆಪದಲ್ಲಿ ಕಡಲಿಗೆ ಬೆನ್ನುಹಾಕಿ ಬಗ್ಗಿದಳು.

ಕಾಲುಗಳ ನಡುವಿನಿಂದ ಕಡಲು ಕಂಡಿತು. ಕಡಲು ಮೇಲೆ, ಆಕಾಶ ಕೆಳಗೆ. ಅವತ್ತು ತೂಗಾಡುತ್ತ ಕಂಡದ್ದು ಇದೇ ಕಡಲು! ಅವಳು ಬಗ್ಗಿದ್ದ ಹಾಗೆಯೇ ಬಲಗೈಯನ್ನು ಚಾಚಿದಳು. ಕೈ ಬಂಗಲೆಯ ಕಡೆಗೆ ಹೋಗಲಿಲ್ಲ. ಗೋಮಾಳದ ಕಡೆಗೆ ಹೋಯಿತು.

"ಸೆಡ್ರಿಕ್! ನನ್ನ ಬಲಗೈ ಯಾವ್ ಕಡೆ ಐತೆ ನೋಡೋ!"

ಇಷ್ಟು ಜೋರಿನ ಕೂಗು ಸೆಡ್ರಿಕನ ಕಿವಿಗೂ ಬಿತ್ತು. "ಗೋಮಾಳದ್ ಕಡೆ. ಏಳೇ ಮಾರಾಯ್ತಿ, ಊರೆಲ್ಲ ನಿನ್ನ ಹಿಂಭಾಗ ನೋಡ್ತಾ ಐತೆ!"

"ನೋಡ್ಲಿ ಬಿಡೋ! ಅವತ್ತು ನನ್ನ ತಲೆಕೆಳಗೆ ಹಿಡ್ಕೊಂಡಿದ್ರು. ತಲೆಕೆಳಗಾದ್ರೆ ಬಲಗೈ ಎಡಕ್ ಬರತ್ತೆ! ಕಲ್ಲಿನ ಎಡಕ್ಕೆ ಓಣಿ ಇದ್ದಿದ್ದು, ಮಿಠಾಯಿ ಎಡಕ್ ಬಿದ್ದಿದ್ದು. ಕಲ್ಲು ಬಲಗಡೆ ಐತೆ ಕಣ್ರೋ, ಬಲಗಡೆ! ಅಗೀರಿ!"

ಮಿಸ್ ಡ್ರೂಯಿಟ್ ಕೈಲಿದ್ದ ಬರೆಯುವ ಹಲಗೆಯನ್ನು ಆಳಿನ ಕೈಗೆ ಕೊಟ್ಟು, ಕೋಟು ಸರಿಮಾಡಿಕೊಂಡು, ಸರ್ಕಾರದ ಪರವಾಗಿ ತಾನೂ ಬಗ್ಗಿ ನೋಡಿದಳು.

"ಹೌದಲ್ಲ" ಎಂದಳು.

ಬಲ ಅಂಚಿನಲ್ಲಿ ಹಾಲಿಸ್ ಹೊಸದಾಗಿ ಲ್ಯಾವೆಂಡರ್ ಗಿಡ ನೆಡಿಸಿದ್ದ. ಎಲ್ಲರೂ ಅವನ ಮುಖ ನೋಡಿದರು. ಅವನು ಗಿಡಗಳನ್ನು ನೋಡಿದ, ಬಗ್ಗಿ ಕೆಂಪಗಾಗಿದ್ದ ಏವಿಸಳನ್ನು ನೋಡಿದ.

"ಅಗೀರಿ" ಎಂದ. "ನನ್ ಪರವಾಗಿ ಸಾಕ್ಷಿ ಹೇಳಿದವರು. ಅವರ ಮಾತನ್ನ ನಾನ್ ನಂಬ್ದೆ ಇನ್ಯಾರ್ ನಂಬ್ತಾರೆ?"

ಮೂರನೆಯ ಗಿಡದ ಬುಡದಲ್ಲಿ ಗುದ್ದಲಿ ಠಣ್ಣೆಂದಿತು. ಮಣ್ಣು ಒರೆಸಿದರೆ ಊರಿನ ಗುರುತಾದ ಶಿಲುಬೆ, ನಿನ್ನೆ ಕೆತ್ತಿದಂತೆ ಸ್ಪಷ್ಟವಾಗಿತ್ತು. ಏವಿಸ್ ಮಂಡಿಯೂರಿ ಅದರ ಮೇಲೆ ಅಂಗೈ ಇಟ್ಟಳು. ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳಲೂ ಇಲ್ಲ. ಹಾಲಿಸ್ ಜೇಬಿನಿಂದ ಬೀಗದ ಕೈ ತೆಗೆದು ಅವಳ ಕೈಗಿತ್ತ. ಅದು ಭಾನುವಾರವಾಗಿರಲಿಲ್ಲ. ಆದರೂ ಅವಳು ನೇರ ದಂಡೆಗಿಳಿದು ಹೋದಳು, ವಾಲ್ಟರನಿಗೆ ಹೇಳುವುದು ಬೇಕಾದಷ್ಟಿತ್ತು.

ಮುಂದಿನ ಹಬ್ಬಕ್ಕೆ ಊರು ಮತ್ತೆ ಕೋಲು ಹಿಡಿದು ಗಡಿ ಸುತ್ತಿತು. ನಿಂತುಹೋಗಿದ್ದ ಪದ್ಧತಿಯನ್ನು ಏವಿಸ್ ಬೈದು ಬೈದು ಎಬ್ಬಿಸಿದ್ದಳು. ಪಾಚಿ ಓಣಿಯ ಕಲ್ಲಿಗೆ ಮಗು ಬೇಕೆಂದಾಗ ಹಾಲಿಸ್ ತನ್ನ ಇಮೊಜೆನ್‌ಳನ್ನೇ ಮುಂದೆ ತಂದ. ಅಪ್ಪ ಒಂದು ಕಾಲು, ಸೆಡ್ರಿಕ್ ಒಂದು ಕಾಲು ಹಿಡಿದರು. ನೆತ್ತಿ ಕಲ್ಲಿಗೆ ಮೆತ್ತಗೆ ತಗಲಿತು. ಮಗು ಕಿಲಕಿಲ ನಕ್ಕಿತು. ನಗುವಾಗ ಕೈಯ ಮಿಠಾಯಿ ಜಾರಿ ಓಣಿಯ ಕೆಸರಿಗೆ ಬಿತ್ತು. ನಗು ಹೋಗಿ ಊರು ಹಾರಿಹೋಗುವಂಥ ಅಳು ಶುರುವಾಯಿತು.

ಹತ್ತು ಕೈಗಳು ಮಿಠಾಯಿಗಾಗಿ ಜೇಬಿಗೆ ಹೋದವು.

"ಯಾರೂ ಕೊಡ್ಬೇಡಿ!" ಏವಿಸ್ ಕೋಲೆತ್ತಿ ಗದರಿದಳು. ಆಮೇಲೆ ಮಗುವನ್ನು ಎದೆಗೆ ಅವಚಿಕೊಂಡು ಬೆನ್ನು ಸವರಿದಳು. "ಅಳು ಚಿನ್ನ, ಚೆನ್ನಾಗಿ ಅಳು. ಅತ್ರೇನೇ ನೆನಪುಳಿಯೋದು. ಎಲ್ಲಿ ಬಿತ್ತು, ತೋರ್ಸು ನೋಡೋಣ?"

ಮಗು ಬಿಕ್ಕುತ್ತ ಓಣಿಯ ಕಡೆ ಬೆರಳು ತೋರಿಸಿತು.

"ಇನ್ನು ನಾನು ಸಾಯ್ಬಹುದು ಕಣೋ ಸೆಡ್ರಿಕ್" ಎಂದಳು ಏವಿಸ್, ಮುಖ ಅರಳಿಸಿಕೊಂಡು.