ಎತ್ತಲಾಗುವ ಗಾಡಿ

ಶನಿವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಪಟ್ಟಿ ಅಕ್ಕ ಹಳೆ ಬೈಕು ಮಾರುವ ಅಂಗಳದ ಗೇಟಿಗೆ ಬಂದಳು. ಒಳಗೆ ಕಾಲಿಟ್ಟಿದ್ದು ಹತ್ತು ಮೂವತ್ತೊಂದಕ್ಕೆ. ನಡುವಿನ ಹನ್ನೊಂದು ನಿಮಿಷ ಅವಳು ಮಾಡಿದ್ದು ಒಂದೇ ಕೆಲಸ: ಹೆಲ್ಮೆಟ್ಟಿನ ಕೊಂಡಿ ಬಿಚ್ಚುವುದು, ಮತ್ತೆ ಹಾಕುವುದು.

"ಅತ್ತಿಗೆ, ನಾವು ಬೈಕು ತಗೊಳ್ಳೋಕೆ ಬಂದಿರೋದು, ಬ್ಯಾಂಕು ದೋಚೋಕಲ್ಲ," ಅಂದ ಮೈದುನ. "ಹೆಲ್ಮೆಟ್ ತೆಗೀರಿ. ಅಂಗಡಿಯವನು ಹೆದರ್ಕೋತಾನೆ."

"ಹೆದರ್ಲಿ ಬಿಡು. ಒಬ್ಬಳೇ ಹೆದರೋಕಿಂತ ಇಬ್ರು ಹೆದರೋದು ವಾಸಿ."

ಅವಳ ಹೆದರಿಕೆ ಕೇಳಿದ ಸುದ್ದಿಯಿಂದ ಹುಟ್ಟಿದ್ದಲ್ಲ. ದೊಡ್ಡಾಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಅವಳು ಹನ್ನೊಂದು ವರ್ಷದಿಂದ ಮುರಿದ ಕೈಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ರೋಗಿಗಳು ಇಟ್ಟ ಹೆಸರೇ ಪಟ್ಟಿ ಅಕ್ಕ. ಅವಳ ಲೆಕ್ಕದಲ್ಲಿ ಮುರಿದ ಹತ್ತು ಕಾಲಿನಲ್ಲಿ ಏಳು, ಬೈಕಿನಿಂದ ಬಿದ್ದವರವು. ಯಾವ ಮಗ್ಗುಲು ಊದಿದೆ ಎಂದು ನೋಡಿ, ಬೈಕು ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಹೇಳುತ್ತಿದ್ದಳು, ಹೆಚ್ಚುಕಮ್ಮಿ ತಪ್ಪುತ್ತಿರಲಿಲ್ಲ. ಮೂವತ್ತಾರು ತುಂಬಿದರೂ ಬಸ್ಸು ಬಿಡದಿದ್ದುದಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

ಆದರೆ ಎರಡು ತಿಂಗಳ ಹಿಂದೆ ಆದೇಶ ಬಂದಿತ್ತು. ಕಲ್ಲು ಕ್ವಾರಿಯ ಪಕ್ಕದ ಸಣ್ಣ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಕೋಣೆಯ ಕೆಲಸ, ಕಾಯಂ. ಹನ್ನೊಂದು ವರ್ಷ ತಾತ್ಕಾಲಿಕ ಎಂಬ ಪದ ಹೊತ್ತು ತಿರುಗಿದವಳಿಗೆ ಅದು ಸಣ್ಣ ಮಾತಲ್ಲ. ಬರುವ ಸೋಮವಾರ ಬೆಳಿಗ್ಗೆ ಏಳರೊಳಗೆ ಹಾಜರಾಗಬೇಕು. ಇಲ್ಲವಾದರೆ ಕೆಲಸ ಸರದಿಯಲ್ಲಿರುವ ಮುಂದಿನವರಿಗೆ. ಮನೆಯಿಂದ ಅಲ್ಲಿಗೆ ಹತ್ತೊಂಬತ್ತು ಕಿಲೋಮೀಟರ್. ಮೊದಲ ಬಸ್ಸು ತಲುಪುವುದು ಎಂಟು ನಲವತ್ತಕ್ಕೆ. ಗಂಡ ಬೇಕರಿಯಲ್ಲಿ ಒಲೆಯ ಮುಂದೆ ನಿಂತರೆ ಮಧ್ಯಾಹ್ನದವರೆಗೆ ಕದಲುವ ಹಾಗಿಲ್ಲ. ಮೈದುನನಿಗೂ ಅದೇ ಹೊತ್ತಿಗೆ ಕೆಲಸ. ಸ್ಕೂಟರ್ ಯೋಚನೆಯನ್ನು ಅವಳೇ ಹೊಡೆದುಹಾಕಿದ್ದಳು. ಕೊನೆಯ ನಾಲ್ಕು ಕಿಲೋಮೀಟರ್ ಬರೀ ಜಲ್ಲಿ, ಅದೂ ಏರು. ಅದೇ ದಾರಿಯಲ್ಲಿ ಸ್ಕೂಟರಿನ ಸಣ್ಣ ಚಕ್ರ ಜಾರಿ ಬಿದ್ದ ಮೂವರಿಗೆ ಕಳೆದ ವರ್ಷ ಅವಳೇ ಪಟ್ಟಿ ಹಾಕಿದ್ದಳು. ಉಳಿದದ್ದು ಬೈಕು. ಮೈದುನನ ಗಾಡಿಯಲ್ಲಿ ಆಟದ ಮೈದಾನ ಸುತ್ತಿ ಕಲಿತು, ಲೈಸೆನ್ಸ್ ಕೈಗೆ ಬಂದು ಒಂಬತ್ತು ದಿನವಾಗಿತ್ತು.

ಅಂಗಳದಲ್ಲಿ ಮೂರು ಸಾಲು ಬೈಕುಗಳಿದ್ದವು. ಅವಳ ಕಣ್ಣಿಗೆ ಬಿದ್ದದ್ದು ಬೇರೆ. ಇದರ ಕಿಕ್ಕರ್ ತಿರುಗಿ ಹೊಡೆದರೆ ಮೊಳಕಾಲು. ಇದರ ಹ್ಯಾಂಡಲ್ ಅಗಲ. ಹಿಡಿದುಕೊಂಡೇ ಬಿದ್ದರೆ ಕೊರಳ ಮೂಳೆ. ಇದರ ಸೈಲೆನ್ಸರ್ ಮೇಲೆದ್ದಿದೆ, ಮೀನಖಂಡ ಸುಟ್ಟೀತು.

ಅಂಗಳದ ಯಜಮಾನ ಟ್ಯಾಂಕು ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡೇ ಬಂದ. "ಬನ್ನಿ ಅಕ್ಕ. ಹೊಸದಾಗಿ ಕಲಿತವರಿಗೆ ಅಂತಲೇ ಒಂದಿದೆ. ಸೀಟು ತಗ್ಗು. ಕೂತು ನೋಡಿ, ಆಮೇಲೆ ಮಾತು."

ಕಡುಗೆಂಪು ಬಣ್ಣದ ದಪ್ಪ ಗಾಡಿ. ಮೈದುನನ ಬಾಯಲ್ಲಿ ನೀರೂರಿತು. "ಅತ್ತಿಗೆ, ಇದು ಗಾಡಿ ಅಲ್ಲ, ಸಿಂಹಾಸನ!"

ಅವಳು ಕೂತಳು. ಎರಡೂ ಹಿಮ್ಮಡಿ ಪೂರ್ತಿ ನೆಲಕ್ಕೆ ಊರಿದವು. ಕಾಲು ನೆಲ ಮುಟ್ಟುವ ಗಾಡಿ ಬೀಳುವುದಾದರೂ ಹೇಗೆ ಎಂದುಕೊಂಡಳು. ಅಷ್ಟರಲ್ಲಿ ಎಡಗಡೆಯ ಲೆಗ್ ಗಾರ್ಡಿನ ಮೇಲೆ ಬೆರಳುದ್ದದ ಗೀರು ಕಂಡಿತು.

"ಇದು ಬಿದ್ದಿದ್ದು ನಿಂತಲ್ಲೇ ತಾನೇ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಯಜಮಾನ ಹೆಗಲ ಬಟ್ಟೆ ತೆಗೆದು ಗೀರಿನ ಮೇಲೆ ಉಜ್ಜತೊಡಗಿದ. "ಬಿದ್ದಿದ್ದಾ? ಛೆ! ಗೇಟಿಗೆ ಒಂಚೂರು ತಗಲಿದ್ದು ಅಷ್ಟೆ."

"ತೂಕ ಎಷ್ಟು?"

"ನೂರ ತೊಂಬತ್ತು. ತೂಕ ಇದ್ರೇ ಅಕ್ಕ, ರೋಡಿಗೆ ಕಚ್ಕೊಂಡು ಹೋಗೋದು."

ಅವಳು ಆ ಮಾತು ಬೆಳೆಸಲಿಲ್ಲ. "ಇಲ್ಲಿ ಎಲ್ಲಾದ್ರೂ ಏರು ಇದೆಯಾ?" ಅಂದಳು.

ಅಂಗಳದ ಹಿಂದೆ ನೀರಿನ ಟ್ಯಾಂಕಿಗೆ ಹೋಗುವ ಕಚ್ಚಾ ದಾರಿಯಿತ್ತು. ಏರು, ಮೇಲೆ ಹರಡಿದ ಜಲ್ಲಿ. ಮೈದುನ ಪಕ್ಕದಲ್ಲಿ ನಡೆದು ಬಂದ. ಮೊದಲ ಮೂವತ್ತು ಅಡಿ ಗಾಡಿ ತಾನೇ ಅವಳನ್ನು ಹೊತ್ತುಕೊಂಡು ಹೋಯಿತು. ಅಲ್ಲಿಂದ ಏರು ಕಡಿದಾಯಿತು, ಎಂಜಿನ್ ಗೊಗ್ಗರು ದನಿ ಮಾಡಿ ನಿಂತಿತು. ಅವಳು ಗಾಬರಿಯಲ್ಲಿ ಕ್ಲಚ್ ಒತ್ತಿ ಹಿಡಿದಳು. ತಪ್ಪಾದದ್ದು ಅಲ್ಲೇ. ಗೇರಿನ ಹಿಡಿತ ತಪ್ಪಿದ ಗಾಡಿ ಹಿಂದಕ್ಕೆ ಉರುಳಿತು. ಬಲಗಾಲು ಬ್ರೇಕು ಹುಡುಕಿತು. ಎಡಗಾಲು ಒಂದೇ ನೆಲದ ಮೇಲೆ, ಅದರಡಿ ಜಲ್ಲಿ ಸರಿಯಿತು. ಹಿಮ್ಮಡಿ ಪೂರ್ತಿ ಊರಿತ್ತು, ಆದರೂ ಗಾಡಿ ವಾಲಿತು. ಒಂದು ಹಂತ ದಾಟಿದ ಮೇಲೆ ನೂರ ತೊಂಬತ್ತು ಕಿಲೋವನ್ನು ಯಾರ ಕಾಲೂ ತಡೆಯುವುದಿಲ್ಲ.

ಆಕಾಶ ಕಂಡಿತು. ಎಡ ಮೊಳಕಾಲಿನಿಂದ ಕೆಳಗೆ ಕಾಲು ಗಾಡಿಯ ಅಡಿಯಲ್ಲಿತ್ತು. ಪೆಟ್ರೋಲ್ ವಾಸನೆ, ತೊಟ್ಟು ತೊಟ್ಟಾಗಿ ಏನೋ ಬೀಳುವ ಸದ್ದು. ನೋವಿರಲಿಲ್ಲ. ಅದೇ ಅವಳನ್ನು ಹೆದರಿಸಿತು: ಮುರಿದ ಮೊದಲ ಕ್ಷಣದಲ್ಲಿ ಎಷ್ಟೋ ಜನಕ್ಕೆ ನೋವು ತಿಳಿಯುವುದಿಲ್ಲ. ಅವಳು ರೋಗಿಗಳಿಗೆ ಹೇಳುವ ದನಿಯಲ್ಲೇ ತನಗೆ ಹೇಳಿಕೊಂಡಳು, "ಎಲ್ಲಿ, ಬೆರಳು ಅಲ್ಲಾಡಿಸಿ ನೋಡೋಣ."

ಹೆಬ್ಬೆರಳು ಅಲ್ಲಾಡಿತು. ಉಳಿದವೂ ಅಲ್ಲಾಡಿದವು. ಪಾದ ತಿರುಗಿತು. ಲೆಗ್ ಗಾರ್ಡು ಗಾಡಿಯನ್ನು ಕಾಲಿನಿಂದ ಎರಡು ಬೆರಳಷ್ಟು ಮೇಲೆ ತಡೆದು ಹಿಡಿದಿತ್ತು.

ಮೈದುನ ಗಾಡಿ ಎತ್ತಲು ಬಗ್ಗಿದ. "ಇರು," ಅಂದಳು. ಕಾಲು ಎಳೆದುಕೊಂಡು ಎದ್ದು, ಹ್ಯಾಂಡಲ್ ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಹಾಕಿದಳು. ಗಾಡಿ ಒಂದು ಗೇಣೂ ಏಳಲಿಲ್ಲ. ಕೊನೆಗೆ ಅಂಗಳದಿಂದ ಓಡಿ ಬಂದ ಯಜಮಾನನೂ ಮೈದುನನೂ ಸೇರಿ ಎತ್ತಿದರು.

"ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಬಿಡಿ," ಅಂದ ಮೈದುನ. ಅವನ ಮುಖವೂ ಬಿಳುಚಿತ್ತು.

"ಮೀಸೆ ನಿಂಗಿರೋದು. ನಂಗೆ ಮಣ್ಣಾಗಿರೋದು ಸೊಂಟ."

ನಗು ಬರಲಿಲ್ಲ. ಅವಳ ಕಣ್ಣ ಮುಂದೆ ಸೋಮವಾರದ ಆರೂವರೆ ಬಂದು ನಿಂತಿತ್ತು. ಕ್ವಾರಿಯ ದಾರಿ, ತಿರುವು, ತಿರುವಿನ ಆಚೆಯಿಂದ ಇಳಿದು ಬರುವ ಕಲ್ಲಿನ ಲಾರಿ. ಅಡ್ಡ ಬಿದ್ದ ಗಾಡಿ. ಎತ್ತಲು ಅಲ್ಲಿ ಮೈದುನ ಇರುವುದಿಲ್ಲ, ಯಜಮಾನ ಇರುವುದಿಲ್ಲ. ಕಾಲು ನೆಲ ಮುಟ್ಟಿದರೆ ಬೀಳುವುದಿಲ್ಲ ಎಂಬ ಸಮಾಧಾನ ಈಗಷ್ಟೇ ಮಣ್ಣುಪಾಲಾಗಿತ್ತು. ಬೀಳುವುದು ಖಚಿತ. ಬಿದ್ದ ಮೇಲಿನದೇ ಪ್ರಶ್ನೆ.

"ಯಜಮಾನ್ರೇ," ಅಂದಳು, "ಗಾಡೀನ ಮಲಗಿಸಿ ಎತ್ತಿ ನೋಡ್ತೀನಿ. ನನ್ನೊಬ್ಬಳ ಕೈಲಿ ಏಳೋದು ಯಾವುದೋ ಅದನ್ನ ತಗೋತೀನಿ."

ಯಜಮಾನ ಬಟ್ಟೆಯಿಂದ ತನ್ನ ಮುಖವನ್ನೇ ಒರೆಸಿಕೊಂಡ. "ಅಕ್ಕ, ಇಪ್ಪತ್ತು ವರ್ಷದಲ್ಲಿ ಮೈಲೇಜ್ ಕೇಳಿದವರನ್ನ ನೋಡಿದೀನಿ, ಬಣ್ಣ ಕೇಳಿದವರನ್ನ ನೋಡಿದೀನಿ. ಬೀಳಿಸಿ ನೋಡ್ತೀನಿ ಅಂದವರು ನೀವೇ ಮೊದಲು."

"ಮೈಲೇಜ್ ಕೇಳಿದವರನ್ನೂ ಬಣ್ಣ ಕೇಳಿದವರನ್ನೂ ಆಮೇಲೆ ನಾನೂ ನೋಡಿದೀನಿ. ಪ್ಲಾಸ್ಟರ್ ಮೇಜಿನ ಮೇಲೆ."

ಅವನು ಒಳಗೆ ಹೋಗಿ ಎರಡು ಗೋಣಿಚೀಲ ತಂದು ನೆಲಕ್ಕೆ ಹಾಸಿದ. ಬೈದುಕೊಂಡೇ ಹಾಸಿದ.

ಮೊದಲು ಮಲಗಿಸಿದ ನೀಲಿ ಗಾಡಿ ಮೊಳಕಾಲವರೆಗೆ ಎದ್ದು ಜಾರಿ ಕೂತಿತು. ಅವಳು ಉಸಿರು ಸುಧಾರಿಸಿಕೊಂಡು ಯೋಚಿಸಿದಳು. ಮಂಚದಿಂದ ರೋಗಿಯನ್ನು ಎತ್ತುವಾಗ ಯಾರೂ ತೋಳಿನ ಬಲದಿಂದ ಎತ್ತುವುದಿಲ್ಲ, ತೊಡೆಯ ಬಲದಿಂದ ಎತ್ತುತ್ತಾರೆ. ಸಾಲಿನ ಕೊನೆಯಲ್ಲಿ ಸೀಟು ಹರಿದ ಕಪ್ಪು ಗಾಡಿಯೊಂದಿತ್ತು. ನೂರ ಎಂಟು ಕಿಲೋ.

"ಅತ್ತಿಗೆ, ಅದು ಪೇಪರ್ ಹಾಕೋರ ಗಾಡಿ!" ಮೈದುನ ಕೈ ಮುಗಿಯುವುದೊಂದು ಬಾಕಿ. "ಅದನ್ನ ಮನೆಗೆ ತಂದ್ರೆ ಅಣ್ಣ ನನ್ನನ್ನ ಒಲೆಗೆ ಹಾಕ್ತಾನೆ."

"ಬೇಯ್ತೀಯ ಬಿಡು. ಹಸಿಯಾಗಿದೀಯ ಇನ್ನೂ."

ಕಪ್ಪು ಗಾಡಿಯನ್ನು ಮಲಗಿಸಿದರು. ಅವಳು ಹ್ಯಾಂಡಲನ್ನು ಪೂರ್ತಿ ತಿರುಗಿಸಿ, ಬೆನ್ನನ್ನು ಸೀಟಿಗೆ ಆನಿಸಿ ಕುಕ್ಕರಿಸಿದಳು. ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿ, ಇನ್ನೊಂದರಲ್ಲಿ ಸೀಟಿನ ಹಿಂದಿನ ಕಂಬಿ. ಹಿಮ್ಮಡಿಯಿಂದ ನೆಲ ಒತ್ತಿ, ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟಳು. ಗಾಡಿ ಅವಳ ಬೆನ್ನ ಹಿಂದೆ ಎದ್ದು ನಿಂತಿತು. ಇನ್ನೊಂದು ಸಲ ಮಲಗಿಸಿದಳು, ಎತ್ತಿದಳು. ಯಜಮಾನ ಬೈಯುವುದನ್ನು ನಿಲ್ಲಿಸಿದ್ದ.

ಏರಿ ಕೂತಾಗ ಹೊಸ ಹೆದರಿಕೆ ಕಾದಿತ್ತು. ಸೀಟು ಎತ್ತರ. ಹಿಮ್ಮಡಿಗೆ ನೆಲ ಸಿಗಲಿಲ್ಲ, ತುದಿಗಾಲಲ್ಲಿ ನಿಂತಂತಾಯಿತು. ಕಡುಗೆಂಪು ಗಾಡಿ ಮೂಲೆಯಲ್ಲಿ ಸುಖವಾಗಿ ನಿಂತಿತ್ತು.

"ಯೋಚನೆ ಮಾಡಿ," ಅಂದ ಯಜಮಾನ. "ಅದ್ರಲ್ಲಿ ಕಾಲಿಗೆ ನೆಲ ಸಿಗತ್ತೆ. ಇದ್ರಲ್ಲಿ ಸಿಗಲ್ಲ."

ಅವಳು ಸೊಂಟವನ್ನು ಒಂದು ಕಡೆ ಜರುಗಿಸಿದಳು. ಎಡಗಾಲು ಒಂದೇ ಪೂರ್ತಿ ಊರಿತು. ಅಷ್ಟೇ ಸಾಕೆಂದು ಹೇಳುವ ಧೈರ್ಯ ಇರಲಿಲ್ಲ. ಸಾಲದೆಂದು ಹೇಳುವ ಸಮಯವೂ ಇರಲಿಲ್ಲ. ಮತ್ತೆ ಏರಿಗೆ ಹೊರಟಳು.

ಅದೇ ಜಾಗ. ಕ್ಲಚ್ ಬೇಗ ಬಿಟ್ಟಳು, ಎಂಜಿನ್ ನಿಂತಿತು. ಅದೇ ಹೊತ್ತಿಗೆ ಹಿಂದೆ ಹಾರ್ನ್ ಕೇಳಿತು. ನೀರಿನ ಟ್ಯಾಂಕರ್ ಒಂದು ಏರಿನ ಬುಡಕ್ಕೆ ಬಂದು ನಿಂತಿತ್ತು. ಎಡಗೈ ಮತ್ತೆ ಕ್ಲಚ್ ಕಡೆ ಹೋಯಿತು, ಗಾಡಿ ಒಂದಡಿ ಹಿಂದಕ್ಕೆ ಸರಿಯಿತು, ಎರಡಡಿ.

"ಕ್ಲಚ್ ಬಿಡಿ ಅತ್ತಿಗೆ, ಬಿಟ್ಬಿಡಿ!" ಮೈದುನ ಕೂಗಿದ.

ಹಿಡಿದಿದ್ದನ್ನು ಬಿಡುವುದು ಅವಳ ಜೀವಮಾನದಲ್ಲೇ ಅಷ್ಟು ಕಷ್ಟವಾಗಿರಲಿಲ್ಲ. ಬಿಟ್ಟಳು. ಗಾಡಿ ಒಮ್ಮೆ ಮುಗ್ಗರಿಸಿ, ಗೇರಿನ ಹಿಡಿತಕ್ಕೆ ಸಿಕ್ಕಿ, ನಿಂತಲ್ಲೇ ನಿಂತಿತು. ಟ್ಯಾಂಕರಿನವನು ತಲೆ ಹೊರಗೆ ಹಾಕಿ ಏನೋ ಅಂದ. ಅವಳಿಗೆ ಕೇಳಿದ್ದು ತನ್ನ ಹಲ್ಲು ಕಟಕಟ ಅನ್ನುವುದು ಮಾತ್ರ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಮೈದುನನ ಲೆಕ್ಕಕ್ಕೆ ಒಂದು ನಿಮಿಷ, ಯಜಮಾನನ ಲೆಕ್ಕಕ್ಕೆ ಐದು. ಆಮೇಲೆ ಮುಂದಿನ ಬ್ರೇಕು ಹಿಡಿದು, ಕ್ಲಚ್ ಒತ್ತಿ, ಸ್ಟಾರ್ಟ್ ಬಟನ್ ಅದುಮಿದಳು. ಗಾಡಿ ಮೇಲೆ ಹೋಯಿತು. ಹೆದರಿಕೆ ಕೆಳಗೆ ಉಳಿಯಲಿಲ್ಲ. ಅದೂ ಹಿಂದಿನ ಸೀಟಿನಲ್ಲಿ ಕೂತು ಜೊತೆಗೇ ಹೋಯಿತು.

ನೀರಿನ ಟ್ಯಾಂಕಿನ ಹತ್ತಿರ ಅವಳು ಇಳಿದಳು. ಮೈದುನ ಓಡಿ ಬಂದು ಗಾಡಿ ಹಿಡಿದುಕೊಂಡ.

"ನಾಳೆ ನಾನು ಬೇಕಾದ್ರೆ ಬೇರೆ ಅಂಗಡಿ ತೋರಿಸ್ತೀನಿ ಅತ್ತಿಗೆ."

"ಬೇಡ. ಇದೇ."

"ಭಯ ಹೋಯ್ತಾ?"

"ಇಲ್ಲ ಕಣೋ. ಇದ್ರ ತೂಕ ಗೊತ್ತಾಯ್ತು, ಅಷ್ಟೆ."

ಮಧ್ಯಾಹ್ನ ಒಂದು ಹತ್ತಕ್ಕೆ ಕಾಗದಪತ್ರಕ್ಕೆ ಸಹಿಯಾಯಿತು. ಗಾಡಿಯನ್ನು ಮನೆಗೆ ಓಡಿಸಿಕೊಂಡು ಬಂದವನು ಮೈದುನ. ಅವಳು ಬಸ್ಸಿನಲ್ಲಿ ಬಂದಳು.

ಸೋಮವಾರ ಬೆಳಿಗ್ಗೆ ಐದು ನಲವತ್ತಕ್ಕೆ ಪಟ್ಟಿ ಅಕ್ಕ ಮನೆ ಬಿಟ್ಟಳು. ದಾರಿಯುದ್ದಕ್ಕೂ ಮೂರನೇ ಗೇರು ಹಾಕಲಿಲ್ಲ. ಕ್ವಾರಿಯ ಎರಡನೇ ತಿರುವಿನಲ್ಲಿ ಗಾಡಿ ಬಲಕ್ಕೆ ಬಿತ್ತು. ಅದನ್ನು ಎತ್ತಿ ನಿಲ್ಲಿಸಲು ನಾಲ್ಕು ನಿಮಿಷ ಹಿಡಿಯಿತು. ಹಾಜರಿ ಪುಸ್ತಕದಲ್ಲಿ ಅವಳ ಸಹಿಯ ಎದುರು ಬರೆದಿರುವ ಹೊತ್ತು ಆರು ಐವತ್ತೆಂಟು.